ಸಣ್ಣಗಾಗುವ ಪುಸ್ತಕ

"ತೂಕ ಇಳಿಸೋ ಪುಸ್ತಕ ಐತೇನ್ರಿ?"

ರಾಯದುರ್ಗದ ಬಸ್ ಸ್ಟ್ಯಾಂಡ್ ಎದುರಿನ ಪುಸ್ತಕದಂಗಡಿಯಲ್ಲಿ ಶಿವಲೀಲಾ ತಗ್ಗಿದ ದನಿಯಲ್ಲಿ ಕೇಳಿದಳು.

ಅಂಗಡಿಯ ಈಶ್ವರ್ ತಲೆ ಎತ್ತಿ ನೋಡಿದ. "ನಿಮಗ್ಯಾಕ್ರಿ ಅದು?"

ಪೇಪರ್ ಓದುತ್ತಾ ನಿಂತಿದ್ದವರು ಕಿಸಕ್ಕನೆ ನಕ್ಕರು. ಅವಳ ಕಿವಿ ಬಿಸಿಯಾಯಿತು.

'ಇವನೂ ಅಷ್ಟೇ... ಈ ಮೈಗೆ ಯಾವ ಪುಸ್ತಕ ಓದಿದರೇನು ಅಂತ ಅಣಕಿಸ್ತಿದ್ದಾನೆ.'

ಕೈಗೆ ಸಿಕ್ಕ ಪುಸ್ತಕ ಕೊಂಡು, ತಿರುಗಿಯೂ ನೋಡದೆ ಹೊರಟುಬಿಟ್ಟಳು.

ಹಿಂದಿನ ದಿನವಷ್ಟೇ ಗುಮ್ಮಘಟ್ಟದಿಂದ ಹೆಣ್ಣು ನೋಡಲು ಬಂದಿದ್ದ ಜುಂಜಮ್ಮ, ಹುಡುಗಿ ಸಣ್ಣಗಾದರೆ ಹೇಳಿ ಕಳಿಸಿ ಅಂತ ಮಗನನ್ನು ಎಬ್ಬಿಸಿಕೊಂಡು ಹೋಗಿದ್ದಳು. ಅಪ್ಪ ಇಲ್ಲದ ಮನೆ. ಜೀನ್ಸ್ ಹೊಲಿದು ಬದುಕಲು ಊರು ಬಿಟ್ಟು ಬಂದ ತಾಯಿ, ಮಗಳು. ಅಂದಿನಿಂದ ತಾಯಿ ತಿಪ್ಪಕ್ಕ ಮಗಳ ತಟ್ಟೆಗೆ ಮುದ್ದೆ ಹಾಕುವಾಗ ಕೈ ಬಿಗಿ ಹಿಡಿದಳು.

ಆ ಪುಸ್ತಕಗಳಿಗೆ ಆಗ ಎಲ್ಲಿಲ್ಲದ ಬೇಡಿಕೆ. ತೆಲುಗಿನವು, ಕನ್ನಡದವು... ಟೀಚರಮ್ಮಂದಿರು, ಸಾಹುಕಾರರ ಹೆಂಡಂದಿರು ಮುಗಿಬಿದ್ದು ಕೊಳ್ಳುತ್ತಿದ್ದರು. ಓದಿ ದಿನಾ ನಡೆಯುವುದನ್ನು ರೂಢಿಸಿಕೊಂಡು, ಸಕ್ಕರೆ ಕಾಯಿಲೆ ಹತೋಟಿಗೆ ತಂದುಕೊಂಡವರೂ ಇದ್ದರು. ಆದರೆ ಅವರಾರೂ ದಿನವಿಡೀ ಹೊಲಿಗೆ ಮಿಷನ್ ಮುಂದೆ ಬೆನ್ನು ಬಗ್ಗಿಸಿ ಕೂರುವವರಲ್ಲ. ಪುಸ್ತಕ ಹೇಳಿದ ಹಣ್ಣು, ಬಾದಾಮಿ ಶಿವಲೀಲಾಗೆ ಎಲ್ಲಿಂದ ಬರಬೇಕು? ಬಿಡು ಅಂದದ್ದನ್ನೆಲ್ಲ ಬಿಟ್ಟಳು. ತಿನ್ನು ಅಂದದ್ದು ಸಿಗಲಿಲ್ಲ.

ಒಂದು ಪುಸ್ತಕ ಅನ್ನ ಬಿಡಿಸಿತು. ಇನ್ನೊಂದು ಬೆಳಗಿನ ಊಟವನ್ನೇ ಬಿಡಿಸಿತು. ಅವಳ ತೂಕ ಇಳಿಯಿತು. ಜೊತೆಯಲ್ಲಿ ಹೊಲಿಯುವವರೆಲ್ಲ ಹೊಗಳಿದರು. ಕೂದಲು ಉದುರುತ್ತಿದ್ದದ್ದು, ಮುಟ್ಟು ನಿಂತದ್ದು ಮಾತ್ರ ಯಾರಿಗೂ ಹೇಳಲಿಲ್ಲ.

ಮತ್ತೊಂದು ಪುಸ್ತಕಕ್ಕೆ ಹೋದಾಗ ಈಶ್ವರ್ ಅದರ ಮೇಲೆ ಕೈ ಇಟ್ಟ. "ಇನ್ನ ನಿಮಗ ಇವು ಮಾರಂಗಿಲ್ರಿ."

"ಯಾಕ? ನಾ ಚೆಂದ ಆಗಬಾರ್ದಾ? ನಿಮಗ ನಗಾಕ ಒಬ್ಬಾಕಿ ಬೇಕಾ?"

ಅವನ ಮುಖ ಬಿಳುಚಿತು. ಆಮೇಲೆ ಅವಳು ಆ ದಾರಿ ತುಳಿಯಲಿಲ್ಲ.

ತಿಪ್ಪಕ್ಕ ಹೇಳಿ ಕಳಿಸಿದ ಮೇಲೆ ಜುಂಜಮ್ಮ ಬಂದು ನೋಡಿ ಒಪ್ಪಿದಳು. ವೀಳ್ಯ ಬದಲಾಯಿಸಿದ ದಿನ ಶಿವಲೀಲಾಳ ರಟ್ಟೆ ಹಿಡಿದು ನೋಡಿ, ಮದುವೆ ಹೊತ್ತಿಗೆ ಇನ್ನೂ ಸ್ವಲ್ಪ ಇಳಿಯಬೇಕು ಅಂದಳು. ಶಿವಲೀಲಾ ತಲೆಯಾಡಿಸಿದಳು. ಅಂದಿನಿಂದ ಮುದ್ದೆಯನ್ನೂ ಬಿಟ್ಟಳು. ಆ ವಾರವೇ ಮಿಷನ್ ಮೇಲೆ ಕುಸಿದುಬಿದ್ದಳು.

ಹಸಿದು ಹಸಿದು ಎದೆ ಬಡಿತ ತಪ್ಪಿದೆ, ಹೃದಯ ಸೋತಿದೆ ಅಂದರು ಡಾಕ್ಟರು. ಸುದ್ದಿ ಗುಮ್ಮಘಟ್ಟ ಮುಟ್ಟಿತು. ರೋಗದ ಹುಡುಗಿ ಬೇಡ ಅಂತ ಸಂಬಂಧ ಮುರಿಯಿತು. ತಿಪ್ಪಕ್ಕ ಆಸ್ಪತ್ರೆಯ ಗೋಡೆಗೆ ತಲೆ ಆನಿಸಿ, ಮಗಳ ಬಾಯಿಗೆ ನಾನೇ ಮಣ್ಣು ಹಾಕಿದೆ ಅಂತ ಅತ್ತಳು.

ಮರುದಿನ ಸುದ್ದಿ ತಿಳಿದು ಈಶ್ವರ್ ಆಸ್ಪತ್ರೆಗೆ ಬಂದ. ಕೈಯಲ್ಲಿ ರಾಗಿ ಗಂಜಿಯ ಡಬ್ಬಿ.

ಡಬ್ಬಿ ಪಕ್ಕಕ್ಕಿಟ್ಟು, ತಡೆದು ತಡೆದು ಎಲ್ಲ ಹೇಳಿದ. ಅವಳು ಕೆಲಸಕ್ಕೆ ಹೋಗುವುದನ್ನು ದಿನಾ ಬೆಳಿಗ್ಗೆ ನೋಡುತ್ತಿದ್ದನಂತೆ. ಒಂದು ದಿನ ಕಾಣದಿದ್ದರೂ ಜೀವಕ್ಕೆ ಸಮಾಧಾನ ಇರುತ್ತಿರಲಿಲ್ಲವಂತೆ.

"ಅವತ್ತು 'ನಿಮಗ್ಯಾಕ' ಅಂತ ಕೇಳಿದ್ದು ಅಣಕ ಅಲ್ರಿ. ನೀವು ಇದ್ದಂಗನ ನನಗ ಚೆಂದ ಇದ್ರಿ. ಅದನ್ನ ಹೇಳಾಕ ಧೈರ್ಯ ಸಾಲಲಿಲ್ಲ."

ಶಿವಲೀಲಾ ಕಣ್ಣು ಮುಚ್ಚಿದಳು. 'ಇಷ್ಟು ದಿನ ನಾನು ಕೇಳಿಸಿಕೊಂಡಿದ್ದೇ ಬೇರೆ...'

"ಈಗ ಬಂದೀರಿ," ಅಂದಳು. "ನಾ ಮೊದ್ಲಿನಂಗ ಆಗ್ತೀನೋ ಇಲ್ಲೋ. ಮಕ್ಕಳಾಗ್ತಾವೋ ಇಲ್ಲೋ. ಎಷ್ಟು ದಿನ ಇರ್ತೀನೋ..."

"ಎಷ್ಟು ದಿನ ಇರ್ತೀರೋ, ಅಷ್ಟು ದಿನ ನನ್ನ ಜೊತಿ ಇರ್ರಿ."

ಬಾಗಿಲಲ್ಲಿದ್ದ ತಿಪ್ಪಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಸದ್ದಿಲ್ಲದೆ ಹೊರಗೆ ಹೋದಳು.

"ಕೈ ನಡುಗ್ತಾವ. ಚಮಚ ಹಿಡಿಯಾಕ ಆಗವಲ್ದು," ಅಂದಳು ಶಿವಲೀಲಾ.

ಈಶ್ವರ್ ಸ್ಟೂಲ್ ಎಳೆದುಕೊಂಡು ಕೂತ. ಗಂಜಿ ಆರಿಸಿ ಅವಳ ತುಟಿಯ ಹತ್ತಿರ ಹಿಡಿದ.

"ಸಾಕು ಅನ್ನಿಸಿದ್ರ ಹೇಳ್ರಿ."

"ಹೇಳಂಗಿಲ್ಲ," ಅಂದು ಅವಳು ಬಾಯಿ ತೆರೆದಳು.