ಡ್ರಮ್ಮಿನ ಸದ್ದಿನಡಿ ಒಂದು ಉಸಿರು

"ನೀವಾ?!"

ರೆಕಾರ್ಡಿಂಗ್ ಸ್ಟುಡಿಯೋದ ಬಾಗಿಲು ತೆಗೆದ ಚುಕ್ಕಿ ನಿಂತಲ್ಲೇ ನಿಂತಳು. ಎರಡು ವರ್ಷದ ಹಿಂದೆ, ಅಕ್ಕ ತೀರಿಕೊಂಡ ದಿನ, ಇದೇ ಮನುಷ್ಯನ ಮುಖಕ್ಕೆ ಮನೆ ಬಾಗಿಲು ಹಾಕಿದ್ದಳು. ಅಕ್ಕನ ಹಾಡಿಗೆ ಸಂಗೀತ ಕೂರಿಸಿದವನು, ಅವಳ ಕೊನೆಯ ದಿನಗಳನ್ನೆಲ್ಲ ಹಾಡಿನಲ್ಲೇ ಕಳೆಸಿದವನು. ಈಗ ಹೆಗಲಿಗೆ ಕೀಬೋರ್ಡ್ ಚೀಲ ಹಾಕಿಕೊಂಡು, ಅವಳು ಕೆಲಸ ಮಾಡುವ ಜಾಗಕ್ಕೇ ಬಂದಿದ್ದ!

"ಆ ಹಾಡನ್ನ ಮತ್ತೆ ಮಾಡಬೇಕು," ಎಂದ ಮೆಲ್ಲಗೆ. "ಕುಣಿಯೋ ಹಾಡಾಗಿ ಅಲ್ಲ... ಜೋಗುಳದ ಥರ. ನೀವು ಹಾಡಬೇಕು."

"ಸತ್ತವಳನ್ನ ಇನ್ನಾದ್ರೂ ಬಿಟ್ಟುಬಿಡಿ!"

ಹಾಗೆಂದಳೇ ಹೊರತು, ಅಕ್ಕನೇ ಅವಳನ್ನು ಬಿಟ್ಟಿರಲಿಲ್ಲ. ಜಿಮ್ಮಿನ ಕಿಟಕಿಯಿಂದ, ಸಿಗ್ನಲ್ಲಿನಲ್ಲಿ ನಿಂತ ಕಾರಿನಿಂದ, ಯಾರದೋ ಫೋನಿನಿಂದ ಆ ಹಾಡಾಗಿ ಧುತ್ತೆಂದು ಎದ್ದು ಬರುತ್ತಿದ್ದಳು. ಜನ ಕುಣಿಯುತ್ತಿದ್ದರು, ಚುಕ್ಕಿ ಕಿವಿ ಮುಚ್ಚಿಕೊಂಡು ರಸ್ತೆ ದಾಟುತ್ತಿದ್ದಳು. ಹೆಡ್‌ಫೋನ್ ಹಾಕಿಕೊಂಡು ಎಲ್ಲ ಸದ್ದನ್ನೂ ಅಡಗಿಸಿದರೂ, ಆ ನಿಶ್ಶಬ್ದದೊಳಗೆ ಯಾರೋ ಉಸಿರೆಳೆದಂತೆ...

"ನಿಮ್ಮಮ್ಮ ಫೋನ್ ಮಾಡಿದ್ರು," ಎಂದ ಅವನು. "'ಆ ಗದ್ದಲದಲ್ಲಿ ನನ್ನ ಮಗಳು ಏನ್ ಹೇಳ್ತಿದಾಳೆ ಅಂತ ಒಂದಕ್ಷರ ತಿಳಿಯಲ್ಲಪ್ಪ, ಚಿಕ್ಕೋಳ ಬಾಯಲ್ಲಿ ನಿಧಾನಕ್ಕೆ ಹೇಳಿಸು' ಅಂದ್ರು."

ಅಮ್ಮ! ಚುಕ್ಕಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

'ಅಕ್ಕನನ್ನು ಪ್ರೀತಿಸಿದ್ದ. ಈಗ ನನ್ನ ದನಿಯಲ್ಲಿ ಅವಳನ್ನು ಹುಡುಕೋಕೆ ಬಂದಿದ್ದಾನೆ...' ಎದೆಯಲ್ಲಿ ಹಳೆಯ ಮುಳ್ಳೊಂದು ಮತ್ತೆ ಚುಚ್ಚಿತು. ಒಂದು ಕಾಲಕ್ಕೆ ಅವನ ಹೆಜ್ಜೆ ಸದ್ದಿಗೆ ಇವಳ ಕೆನ್ನೆ ಕೆಂಪಾಗುತ್ತಿತ್ತು. ಅವನು ಮಾತ್ರ ಹೊತ್ತು ಮುಳುಗುವವರೆಗೂ ಅಕ್ಕನ ಜೊತೆಗೇ ಇರುತ್ತಿದ್ದ.

ಅವನು ತಂದಿದ್ದ ಹಳೆಯ ರೆಕಾರ್ಡಿಂಗ್ ತೆರೆದಾಗ ಪರದೆಯ ಮೇಲೆ ಪಟ್ಟಿ ಪಟ್ಟಿಯಾಗಿ ಧ್ವನಿಗಳು ಮೂಡಿದವು. ಕೊನೆಯ ಪಟ್ಟಿಗೆ ಚುಕ್ಕಿಯ ಬೆರಳು ಹೋಗುತ್ತಲೇ ಅವನು ಗಾಬರಿಯಾದ.

"ಅದು ಬೇಡ... ದಯವಿಟ್ಟು!"

ಬೇಡವೆಂದಿದ್ದಕ್ಕೇ ಒತ್ತಿದಳು.

ಡ್ರಮ್ಮಿಲ್ಲ, ತಂತಿವಾದ್ಯವಿಲ್ಲ. ಅಕ್ಕನ ದನಿ ಮಾತ್ರ. ಮತ್ತೆ ಪ್ರತಿ ಸಾಲಿನ ಕೊನೆಗೂ ಏದುಸಿರು... ಕೆಮ್ಮು... ಮತ್ತೆ ಏದುಸಿರು.

ಚುಕ್ಕಿ ಅವನತ್ತ ತಿರುಗಿದಳು. "ನಿಮಗೆ ಗೊತ್ತಿತ್ತು! ಉಸಿರು ಸಿಗದೆ ಒದ್ದಾಡ್ತಿದ್ದವಳ ಕೈಲಿ ಕುಣಿಯೋ ಹಾಡು ಹಾಡಿಸಿದ್ರಿ!"

ರೆಕಾರ್ಡಿಂಗ್ ಓಡುತ್ತಲೇ ಇತ್ತು. ಅದರೊಳಗೆ ಅವನದೇ ದನಿ: "ಸಾಕು ಅಕ್ಕ. ಮನೇಲಿ ಹೇಳಿ ಆಸ್ಪತ್ರೆಗೆ ಹೋಗೋಣ."

ಅಕ್ಕ! ಅವನು ಅವಳನ್ನು ಅಕ್ಕ ಎನ್ನುತ್ತಿದ್ದನೇ?

"ನಿಲ್ಲಿಸ್ಬೇಡ ಕಣೋ," ಸತ್ತವಳು ನಕ್ಕಳು. "ಡ್ರಮ್ ಇನ್ನೂ ಜೋರು ಮಾಡು. ಹೊರಗೆ ಚುಕ್ಕಿ ಕೂತಿದಾಳೆ, ಈ ಏದುಸಿರು ಕೇಳಿಸಿದ್ರೆ ಅವಳ ಜೀವಾನೇ ಹೋಗುತ್ತೆ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದೀಯ, ನೆನಪಿರ್ಲಿ. ಮೊದ್ಲು ನೀನು ಗಾಜಿನಾಚೆ ಅವಳನ್ನ ನೋಡ್ತಾ ತಾಳ ತಪ್ಪೋದು ನಿಲ್ಲಿಸು, ಪೆದ್ದ!"

ಧ್ವನಿ ಮುಗಿಯಿತು.

"ಮಾತು ಉಳಿಸಿಕೊಂಡೆ," ಎಂದ ಅವನು. "ಅಕ್ಕ ಉಳೀಲಿಲ್ಲ."

"ನನಗೆ ಹೇಳಬೇಕಿತ್ತು..."

"ಹೌದು. ಹೇಳಬೇಕಿತ್ತು." ಅವನು ಕೀಬೋರ್ಡನ್ನು ಚೀಲದಿಂದ ಹೊರತೆಗೆದ. "ಯಾವ ಹಾಡಿಗೆ ಕೂತರೂ ಆ ಉಸಿರೇ ಕೇಳಿಸುತ್ತೆ. ಅದಕ್ಕೇ ಈ ಸಲ ನಿಧಾನ ಮಾಡಿದೀನಿ. ಸಾಲು ಸಾಲಿನ ಮಧ್ಯೆ ಉಸಿರಾಡೋಕೆ ಜಾಗ ಬಿಟ್ಟಿದೀನಿ."

"ನನಗೂ ಕೇಳಿಸುತ್ತೆ..." ಚುಕ್ಕಿಯ ಕಣ್ಣು ತುಂಬಿ ಹರಿಯಿತು. "ನಾನೊಬ್ಬಳೇ ಅಂದ್ಕೊಂಡಿದ್ದೆ."

ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ಮೈಕಿನ ಮುಂದೆ ನಿಂತಳು. ಅವನು ಒಂದೊಂದೇ ಸ್ವರ ಇಟ್ಟ.

'ಬಾಗಿಲು ತೆಗಿ, ನಾ ಬಂದೆ... ಹೊರಗೆ ಚಳಿ, ನಾ ಬಂದೆ...'

ಲೋಕವೆಲ್ಲ ಕುಣಿದಿದ್ದ ಸಾಲು! ನಿಧಾನಕ್ಕೆ ಹಾಡಿದಾಗ ಯಾರೋ ನಿಜಕ್ಕೂ ಹೊಸ್ತಿಲಾಚೆ ನಿಂತು ಕರೆದಂತಿತ್ತು. ಎರಡು ಸಾಲಿನ ನಡುವಿನ ಮೌನದಲ್ಲಿ ಉಸಿರೊಂದು ಕೇಳಿಸಿತು, ಏದುಸಿರಲ್ಲ, ನೆಮ್ಮದಿಯ ದೀರ್ಘ ಉಸಿರು. ತನ್ನದೋ, ಅಕ್ಕನದೋ... ತಿಳಿಯಲಿಲ್ಲ.

ಸಂಜೆ ಅಮ್ಮನಿಗೆ ಫೋನಿನಲ್ಲೇ ಕೇಳಿಸಿದರು.

"ಬಾಗಿಲು ತೆಗಿ ಅಂತಿದ್ಲಾ ನನ್ನ ಕೂಸು?" ಎಂದರು ಅಮ್ಮ. "ಇಷ್ಟು ದಿನ ನಂಗೆ ಕೇಳಿಸ್ಲೇ ಇಲ್ಲ ನೋಡು..." ಮೂಗೊರೆಸಿಕೊಂಡ ಸದ್ದು. "ಇನ್ನೊಂದ್ಸಲ ಹಾಕೇ."

ಮೂರು ಸಲ ಹಾಕಿದ ಮೇಲೆ ಅಮ್ಮ ಫೋನ್ ಇಟ್ಟರು. ಅವನು ಕೀಬೋರ್ಡನ್ನು ಚೀಲಕ್ಕೆ ತುಂಬುತ್ತಿದ್ದ.

"ನನ್ನ ದನಿ ಅಕ್ಕನ ಥರ ಇಲ್ಲ, ಅಲ್ವಾ?"

"ಇಲ್ಲ. ನಂಗೆ ಮೊದಲಿಂದಲೂ ನಿಮ್ಮ ದನೀನೇ ಇಷ್ಟ, ಚುಕ್ಕಿ... ನೀವೇ ಇಷ್ಟ." ಚೀಲದ ಜಿಪ್ ಎಳೆದ. "ನನ್ನ ಮೇಲಿನ ಸಿಟ್ಟು ಹೋಯ್ತಾ?"

"ಇಲ್ಲ." ಅವಳು ಅವನ ಕೈಯಿಂದ ಚೀಲ ಇಸಿದುಕೊಂಡು ಕೆಳಗಿಟ್ಟಳು. "ಹೋಗೋವರೆಗೂ ಇರ್ತೀರಾ?"

"ಹೋದ ಮೇಲೂ ಇರ್ತೀನಿ."