ಮೂರನೇ ಸಲ ಕರೆದರೆ

ನನ್ನ ಗಂಡ ನನ್ನನ್ನು 'ರೀ' ಎಂದು ಕರೆಯುತ್ತಿದ್ದರು. ತಮಾಷೆಯಲ್ಲ. ಹೆಂಡತಿ ಗಂಡನನ್ನು ಕರೆಯುವ ಮಾತದು; ನಮ್ಮ ಮನೆಯಲ್ಲಿ ಇಬ್ಬರದೂ ಅದೇ. ಹಜಾರದಿಂದ ಅವರು 'ರೀ' ಅಂದರೆ ಅಡುಗೆಮನೆಯಿಂದ ನಾನು 'ಏನ್ರೀ' ಅನ್ನಬೇಕು. ಹಾಲಿನವನು ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡು, "ಮೇಡಂ, ಈ ಮನೇಲಿ ಯಜಮಾನ್ರು ಯಾರು?" ಅಂದಿದ್ದ.

ನಗು ಬಂತು. ಆಮೇಲೆ ಪಾತ್ರೆ ತೊಳೆಯುವಾಗ ಅಳುವೂ ಬಂತು. ಮದುವೆಯಾಗಿ ವರ್ಷ ತುಂಬುತ್ತಾ ಬಂದಿದ್ದರೂ ಕೇದಾರ್ ಒಂದೇ ಒಂದು ಸಲ 'ಶರಣ್ಯಾ' ಅಂದವರಲ್ಲ. ಹೆಸರೇ ಮರೆತಿದ್ದಾರೇನೋ ಎಂದು ಲಗ್ನಪತ್ರಿಕೆ ತೆಗೆದು ಮುಂದಿಟ್ಟಿದ್ದೂ ಉಂಟು. ಓದಿ, "ಪ್ರಿಂಟ್ ಚೆನ್ನಾಗ್ ಬಂದಿದೆ ಅಲ್ವಾ ರೀ?" ಅಂದರು ಮಹಾನುಭಾವರು.

ಅವರಿಗೆ ಇದು ಎರಡನೇ ಮದುವೆ. ಮೊದಲ ಹೆಂಡತಿ ದಾಕ್ಷಾಯಿಣಿ, ಜ್ವರ ಮೆದುಳಿಗೇರಿ ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಹನುಮಂತನಗರದ ನಮ್ಮ ಮನೆಯ ಹಜಾರದಲ್ಲಿ ಅವರ ಫೋಟೋ ಇದೆ. ದಿನಾ ಹೂ ಮುಡಿಸುವವಳು ನಾನೇ. ಫೋಟೋದ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಒಂದು ಖಾಲಿ ಜಾಗದ ಮೇಲೆ. ಸೋಫಾದಲ್ಲಿ, ಆಟೋದಲ್ಲಿ, ದೊಡ್ಡ ಬಸವಣ್ಣನ ಗುಡಿಯ ಮೆಟ್ಟಿಲ ಮೇಲೆ, ಎಲ್ಲಿ ಕೂತರೂ ಕೇದಾರ್ ನಮ್ಮಿಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟೇ ಕೂರುತ್ತಿದ್ದರು. ಬೇಕೆಂದು ಮಾಡುತ್ತಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ.

"ಎಲ್ಲಾದ್ರೂ ದೂರ ಹೋಗ್ಬನ್ನಿ ಇಬ್ರೂ," ಎಂದು ಹೊರಡಿಸಿದವರು ನಮ್ಮ ಅತ್ತೆ ವಿಶಾಲಾಕ್ಷಮ್ಮ. ಪೇಟೆಯ ಪೈಪ್ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಕೇದಾರ್ ಅಂಡಮಾನ್‌ಗೆ ಟಿಕೆಟ್ ತೆಗೆದರು. ನನಗೆ ಕಾಲು ನೆಲಕ್ಕೆ ತಾಗದಷ್ಟು ಖುಷಿ. ನಾನು ಪಾಠ ಹೇಳುವ ಎನ್.ಆರ್. ಕಾಲೋನಿಯ ಸ್ಕೂಲಿನಲ್ಲಿ ರಜೆ ಹಾಕುವಾಗ ಹೆಡ್‌ಮಿಸ್ ಮುಂದೆ ನಾಚಿಕೊಂಡೂ ಬಂದೆ.

ಹೊರಡುವ ಬೆಳಿಗ್ಗೆ ಅತ್ತೆ ಕಾಫಿ ಕೊಡುತ್ತಾ ಹೇಳಿದರು: "ನಮ್ಮ ದಾಕ್ಷಾಗೆ ಸಮುದ್ರ ನೋಡೋ ಆಸೆ ಇತ್ತು, ಪಾಪ. ಅವಳ ಹಣೇಲಿ ಬರ್ದಿರ್ಲಿಲ್ಲ. ನೀವಾದ್ರೂ ಕಣ್ತುಂಬ ನೋಡ್ಕೊಂಡ್ ಬನ್ನಿ."

ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೆ ಕೇದಾರ್ ಕಾಫಿ ಲೋಟ ಹಾಗೇ ಕೆಳಗಿಟ್ಟರು. ಮೂರನೇ ಟಿಕೆಟ್ ಅಲ್ಲೇ ತೆಗೆದಂತಾಯಿತು.

ಇಳಿದ ಕ್ಷಣದಿಂದ ಮಳೆ. ಮೊದಲ ದಿನ ಗಾಜಿನ ತಳದ ದೋಣಿ ಹತ್ತಿದೆವು. ಹವಳ ಕಾಣುತ್ತೆ, ಬಣ್ಣಬಣ್ಣದ ಮೀನು ಕಾಣುತ್ತೆ ಎಂದು ದೋಣಿಯವನು ಹೊಗಳಿದ್ದೇ ಹೊಗಳಿದ್ದು. ನೀರೆಲ್ಲ ಕದಡಿ ಸಾರಿನಂತಿತ್ತು. ಬಗ್ಗಿ ಬಗ್ಗಿ ನೋಡಿದ್ದಕ್ಕೆ ಕಂಡದ್ದು ಒಂದು ರಬ್ಬರ್ ಚಪ್ಪಲಿ.

"ಎಡಗಾಲಿಂದು ರೀ," ಅಂದರು ಕೇದಾರ್ ಗಂಭೀರವಾಗಿ. "ಬಲಗಾಲಿಂದು ನೋಡೋಕೆ ಬೇರೆ ಟಿಕೆಟ್ ಇರ್ಬೇಕು."

ನಾನು ನಕ್ಕೆ. ಅವರೂ ನಕ್ಕರು, ಭುಜ ಕುಣಿಯುವಷ್ಟು. ಮದುವೆಯಾದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಗುವಾಗ ಅವರ ಎಡಗಣ್ಣು ಮೊದಲು ಮುಚ್ಚುತ್ತದೆ, ಆಮೇಲೆ ಬಲಗಣ್ಣು. ಅಯ್ಯೋ, ಈ ಮನುಷ್ಯ ಇಷ್ಟು ಚೆನ್ನಾಗಿದ್ದಾರಾ ಅನ್ನಿಸಿ ನನ್ನ ಕಿವಿ ಬಿಸಿಯಾಯಿತು.

ಮಾರನೇ ದಿನ ನೀರಿನೊಳಗೆ ಮುಳುಗಿ ನೋಡುವ ಆಟಕ್ಕೆ ಹೋದರೆ ಅಲೆ ಜೋರಿದೆ, ನಾಳೆ ಬನ್ನಿ ಅಂದರು. ಸೂರ್ಯಾಸ್ತ ನೋಡುವ ಜಾಗದಲ್ಲಿ ಸೂರ್ಯನೇ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗಿಲ್ಲ ಎಂದು ನಾನು ಗೊಣಗುತ್ತಿದ್ದರೆ ಇವರು ಶಿಳ್ಳೆ ಹಾಕುತ್ತಿದ್ದರು, ಮೀನಿನ ವಾಸನೆಯ ಹೋಟೆಲುಗಳ ನಡುವೆ ನನಗಾಗಿ ಇಡ್ಲಿ ಹುಡುಕುತ್ತಿದ್ದರು.

ಮೂರನೇ ದಿನ ಸಂಜೆ ಮಳೆ ನಿಂತಿತು. ತೆಂಗಿನ ತೋಪಿನ ತಿರುವು ದಾಟಿದ್ದೇ ತಡ, ಎದುರಿಗೆ ಸಮುದ್ರ. ಹಸಿರೂ ಅಲ್ಲ ನೀಲಿಯೂ ಅಲ್ಲ, ನನ್ನ ಮದುವೆಯ ಮೈಸೂರು ಸಿಲ್ಕ್ ಸೀರೆಯನ್ನು ಬಿಸಿಲಿಗೆ ಹಿಡಿದಂಥ ಬಣ್ಣ. ನಾನು ಉಸಿರು ಬಿಡುವುದನ್ನೂ ಮರೆತು ನಿಂತೆ.

ತಿರುಗಿ ನೋಡಿದರೆ ಕೇದಾರ್ ಸಮುದ್ರಕ್ಕೆ ಬೆನ್ನು ಹಾಕಿ ನಿಂತಿದ್ದರು.

"ಯಾಕ್ರೀ ಆ ಕಡೆ ತಿರುಗಿದ್ರಿ?"

"ಬಿಸಿಲು."

"ಮೋಡ ಇದೆಯಲ್ರೀ."

ನನಗೆ ಆಗ ಹೊಳೆಯಿತು. ಏನೂ ಕಾಣಿಸದಿದ್ದಾಗಲೆಲ್ಲ ಇವರು ನಕ್ಕಿದ್ದರು. ಚೆಂದದ್ದು ಕಂಡಿತೋ, ಮುಖ ತಿರುಗಿಸಿದರು. ದಾಕ್ಷಾಯಿಣಿ ನೋಡದ್ದನ್ನು ತಾನು ನೋಡಬಾರದು! ಹಾಗಿದ್ದರೆ ಇವರ ಪಕ್ಕದಲ್ಲಿ ನಿಂತು ನೋಡುತ್ತಿರುವ ನಾನು ಯಾರು?

ನನ್ನ ಸಿಟ್ಟು ಇರುವುದು ಮೂಗಿನ ತುದಿಯಲ್ಲಿ. "ಮೂರು ಜನ ಬಂದಿದೀವಿ ಅಂತ ಹೇಳ್ಬಿಡಿ ರೀ," ಅಂದೆ. "ಅವರಿಗೂ ಒಂದು ಎಳನೀರು ತಗೊಳ್ಳಿ."

ಆಡಿದ ಮೇಲೆ ನಾಲಗೆ ಕಚ್ಚಿಕೊಂಡೆ. ಅವರ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಅವರು ಬೈದಿದ್ದರೆ ವಾಸಿಯಿತ್ತು. "ನಡೀರಿ, ಕತ್ತಲಾಗುತ್ತೆ," ಅಂದರು ಅಷ್ಟೇ.

ಕೊನೆಯ ದಿನ ಬ್ರಿಟಿಷರು ಬಿಟ್ಟುಹೋದ ಒಂದು ಸಣ್ಣ ದ್ವೀಪಕ್ಕೆ ಹೋದೆವು. ಊರೇ ಹಾಳು ಬಿದ್ದಿದೆ. ಗೋಡೆಗಳನ್ನೆಲ್ಲ ಆಲದ ಬೇರು ಅವುಚಿಕೊಂಡಿದೆ. ಬಾಗಿಲ ಚೌಕಟ್ಟು ಇದೆ, ಮನೆ ಇಲ್ಲ. ಜಿಂಕೆಗಳು ಮಾತ್ರ ತಮ್ಮದೇ ಆಸ್ತಿ ಎಂಬಂತೆ ಓಡಾಡುತ್ತವೆ. ನಾವಿಬ್ಬರೂ ಮಾತು ಬಿಟ್ಟಿದ್ದೆವು. ಅವರು ಒಂದು ದಾರಿ ಹಿಡಿದರು, ನಾನು ಹಠಕ್ಕೆ ಇನ್ನೊಂದು.

ಎತ್ತು ಏರಿಗೆ, ಕೋಣ ನೀರಿಗೆ ಎಂದು ಬೈದುಕೊಳ್ಳುತ್ತಾ ನಡೆದವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅಲ್ಲಿ ಕತ್ತಲು ಬೇಗ. ನಮ್ಮ ಕಡೆ ಮಕ್ಕಳು ಸ್ಕೂಲಿಂದ ಬಂದು ತಿಂಡಿ ತಿನ್ನುವ ಹೊತ್ತಿಗೆ ಅಲ್ಲಿ ಮುಸ್ಸಂಜೆ ಇಳಿದುಬಿಡುತ್ತದೆ. ಸೂರಿಲ್ಲದ ಒಂದು ಮನೆಯೊಳಗೆ ನಿಂತಿದ್ದೆ. ಬೇರುಗಳ ನಡುವೆ ಗಾಳಿ ಸುಳಿಯುತ್ತಿತ್ತು. ಹಿಂದೆ ಯಾರೋ ಸೀರೆ ಸರಿಪಡಿಸಿಕೊಂಡಂತೆ ಸಪ್ಪಳವಾಯಿತು. ತಿರುಗಿದರೆ ಯಾರೂ ಇಲ್ಲ.

ಆಗ ಕೇಳಿಸಿತು.

"ಶರಣ್ಯಾ!"

ಕೇದಾರ್ ದನಿ. ನನ್ನ ಹೆಸರು. ವರ್ಷವಿಡೀ ಕಾದ ಕರೆ. ಓ ಅನ್ನಬೇಕಿತ್ತು ತಾನೆ? ಅನ್ನಲಿಲ್ಲ.

ಚಾಮರಾಜಪೇಟೆಯ ನಮ್ಮಜ್ಜಿಯ ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರು ಹೆಸರು ಹಿಡಿದು ಕರೆದರೂ ಮೂರನೇ ಸಲದವರೆಗೆ ಓಗೊಡಬಾರದು. ದೆವ್ವ ನಮ್ಮವರದೇ ದನಿಯಲ್ಲಿ ಕರೆಯುತ್ತದೆ, ಆದರೆ ಅದಕ್ಕೆ ಎರಡೇ ಸಲ ಕರೆಯಲು ಬರುವುದು. ಮೂರನೇ ಸಲ ಕರೆಯುವುದು ಮನುಷ್ಯರು ಮಾತ್ರ. "ಲಿಂಗ ಕಟ್ಕೊಂಡೋರಿಗೆ ದೆವ್ವದ ಭಯ ಏನೇ?" ಎಂದು ನಗುತ್ತಿದ್ದವಳೂ ಅಜ್ಜಿಯೇ. ಸಂಜೆಯಾದರೆ ಬಾಗಿಲ ಹಿಂದೆ ನಿಂತು ಕರೆ ಎಣಿಸುತ್ತಿದ್ದವಳೂ ಅವಳೇ.

ನನ್ನ ಮೈಯೆಲ್ಲ ಜುಂ ಎಂದಿತು. ಇವರು ನನ್ನ ಹೆಸರು ಕರೆದವರೇ ಅಲ್ಲ. ಹಾಗಾದರೆ ಕರೆದದ್ದು ಯಾರು?

"ಶರಣ್ಯಾ!"

ಎರಡು. ನಾನು ಬೇರಿಗೆ ಒರಗಿ ಕಾದೆ. ಮೂರನೆಯದು ಬರಲೇ ಇಲ್ಲ.

ಶಿವಶಿವಾ ಎಂದು ಎದೆಯ ಲಿಂಗವನ್ನು ಸೆರಗಿನ ಮೇಲಿಂದಲೇ ಹಿಡಿದುಕೊಂಡೆ. ನಿನ್ನೆ ಎಳನೀರಿನ ಮಾತು ಆಡಿದ್ದೆನಲ್ಲ. ಬಂದಳೇನೋ ದಾಕ್ಷಾಯಿಣಿ, ತನ್ನ ಜಾಗ ಕೇಳಲು? ಕಿಟಕಿಯ ಕಂಡಿಯಿಂದ ಇಣುಕಿದೆ.

ಕೆಳಗೆ ದಾರಿಯಲ್ಲಿ ಕೇದಾರ್ ನಿಂತಿದ್ದರು. ಬಾಯಿಗೆ ಎರಡೂ ಕೈ ಒಡ್ಡಿಕೊಂಡಿದ್ದರು. ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ. ಮತ್ತೆ ತೆರೆಯುತ್ತಿತ್ತು. ಕೊನೆಗೆ ಅವರು ಅಲ್ಲೇ ಒಂದು ಕಲ್ಲಿನ ಮೇಲೆ ಕುಸಿದು ಕೂತರು.

ಕಣ್ಣಾರೆ ಕಂಡ ಮೇಲಾದರೂ ಓ ಅನ್ನಬಾರದಿತ್ತಾ ಎಂದು ನೀವು ಬೈಯಬಹುದು. ಕರೆ ಇನ್ನೂ ಎರಡೇ ಆಗಿತ್ತು, ಹೆದರಿಕೆಯಿತ್ತು. ಸುಳ್ಳು ಯಾಕೆ, ಆಸೆಯೂ ಇತ್ತು. ಇನ್ನೊಂದೇ ಒಂದು ಸಲ ಕರೆಯಲಿ, ದೇವರೇ, ನನ್ನನ್ನೇ ಕರೆಯಲಿ ಅನ್ನಿಸಿತು.

ಕಡಲ ಕಡೆಯಿಂದ ಕೊನೆಯ ದೋಣಿಯ ಸೀಟಿ ಕೇಳಿಸಿತು. ಕೇದಾರ್ ಎದ್ದರು. ಸೀಳಿಹೋದ ದನಿಯಲ್ಲಿ, ಅಳುವ ಮಗುವಿನ ಹಾಗೆ ಕೂಗಿದರು.

"ಶರಣ್ಯಾ! ಎಲ್ಲಿದೀಯೇ? ಓ ಅನ್ನೇ!"

"ಓ!" ಅಂದೆ. ಎಷ್ಟು ಜೋರಾಗಿ ಅಂದರೆ ಜಿಂಕೆಗಳೆಲ್ಲ ದಿಕ್ಕಾಪಾಲಾದವು.

ಅವರು ಏದುಸಿರು ಬಿಡುತ್ತಾ ಬಂದು ನನ್ನ ಎರಡೂ ತೋಳು ಹಿಡಿದರು. "ಕೇಳಿಸ್ಲಿಲ್ವಾ? ಎರಡು ಸಲ ಕರ್ದೆ! ಎರಡು ಸಲ!"

"ಕೇಳಿಸ್ತು."

"ಮತ್ತೆ?"

ಅಜ್ಜಿಯ ಕಥೆ ಹೇಳಿದೆ. ಇವರು ನಗುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ತೋಳುಗಳನ್ನು ಇನ್ನೂ ಬಿಗಿಯಾಗಿ ಹಿಡಿದರು.

"ಆಸ್ಪತ್ರೇಲಿ ನರ್ಸ್ ಹೇಳಿದ್ರು," ಅಂದರು. "ಹೆಸರು ಹಿಡಿದು ಕರೀರಿ ಸರ್, ಅವರಿಗೆ ಕೇಳಿಸ್ಬಹುದು ಅಂತ. ದಾಕ್ಷಾ ಅಂತ ಕರ್ದೆ. ಕಣ್ಣು ಬಿಡ್ಲಿಲ್ಲ. ಮತ್ತೆ ಕರ್ದೆ. ಮೂರನೇ ಸಲ ನಂಗೆ ಆಗ್ಲಿಲ್ಲ. ಅದಕ್ಕೂ ಓ ಅನ್ದೇ ಇದ್ರೆ ಎಲ್ಲಾ ಮುಗೀತಲ್ಲ. ಕರೀದೇ ಇದ್ರೆ ಇನ್ನೂ ಒಂದು ಕರೆ ಬಾಕಿ ಇರುತ್ತೆ."

"ಅದಕ್ಕೇ ನನ್ನ ಹೆಸರೂ..."

"ಹೆಸರು ಹಿಡಿದು ಕರೆದ್ರೆ ಓ ಅನ್ದೇ ಹೋಗ್ಬಿಡ್ತಾರೆ ಅಂತ ಭಯ. ಈಗಲೂ ಹಾಗೇ ಆಯ್ತು. ನನ್ನ ಜೀವ ಬಾಯಿಗ್ ಬಂದಿತ್ತು ಕಣೇ."

ಕಣೇ ಅಂದರು. ನಾನು ಅವರ ಎದೆಗೆ ಮುಖವಿಟ್ಟು ಜೋರಾಗಿ ಅತ್ತೆ. ಅವರಿಗಾಗಿಯೂ ಅತ್ತೆ, ಆಕೆಗಾಗಿಯೂ ಅತ್ತೆ. ದೋಣಿಯ ಸಿಬ್ಬಂದಿಯವನು ಬಂದು ಸೀಟಿ ಊದಿ ಇಬ್ಬರನ್ನೂ ದೋಣಿಗೆ ಅಟ್ಟಿದ.

ದೋಣಿಯ ಹಿಂದಿನ ಬೆಂಚಿನಲ್ಲಿ ಕೂತೆವು. ನಡುವೆ ಅದೇ ಜಾಗ. ಪಶ್ಚಿಮದಲ್ಲಿ ಮೋಡ ಹರಿದು, ಬಂದ ದಿನದಿಂದ ಕಣ್ಣಾಮುಚ್ಚಾಲೆ ಆಡುತ್ತಿದ್ದ ಕೆಂಪೆಲ್ಲ ಒಮ್ಮೆಗೇ ನೀರಿಗೆ ಬಿದ್ದಿತ್ತು. ಕೇದಾರ್ ಮುಖ ತಿರುಗಿಸಲು ಹೊರಟರು.

"ಬಾಕಿ ಇರೋದನ್ನ ಕರೆದ್ಬಿಡಿ," ಅಂದೆ.

"ಓ ಅನ್ನಲ್ಲ ಅವಳು."

"ಗೊತ್ತು ರೀ. ಸಮುದ್ರ ನೋಡು ಅಂತನಾದ್ರೂ ಹೇಳಿ. ಪಾಪ, ಇಲ್ಲೀವರೆಗೂ ಬಂದಿದಾರೆ."

ಅವರು ನೀರಿನ ಕಡೆ ತಿರುಗಿದರು. ಆಮೇಲೆ ಮೆಲ್ಲಗೆ, ಹಜಾರದಿಂದ ಅಡುಗೆಮನೆಗೆ ಕರೆದಂತೆ, "ದಾಕ್ಷಾ," ಅಂದರು. "ಸಮುದ್ರ ನೋಡೇ."

ಇಬ್ಬರೂ ಕಿವಿಗೊಟ್ಟು ಕೂತೆವು. ಓ ಎಂದುಬಿಟ್ಟರೆ ಎಂದು ನನಗೆ ಹೆದರಿಕೆ, ಅನ್ನಲಿಲ್ಲವಲ್ಲ ಎಂದು ಅವರಿಗೆ ದುಃಖ. ಇಂಜಿನ್ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಕೇದಾರ್ ಕೆಂಪು ಆರುವ ತನಕ ಕಣ್ಣು ಕೀಳದೆ ನೋಡಿದರು, ಕೆನ್ನೆ ಒರೆಸಿಕೊಳ್ಳಲಿಲ್ಲ. ನಾನು ಅವರ ಹತ್ತಿರ ಸರಿಯಲಿಲ್ಲ. ಅಷ್ಟು ಹೊತ್ತು ಆ ಜಾಗ ಆಕೆಯದೇ ಇರಲಿ ಅನ್ನಿಸಿತು.

ದಡ ಹತ್ತಿರವಾದಾಗ ಅವರು ಬೆಂಚಿನ ಆ ಖಾಲಿ ಜಾಗವನ್ನು ಅಂಗೈಯಿಂದ ಒಮ್ಮೆ ಸವರಿದರು. ಆಮೇಲೆ ತಾವೇ ಸರಿದು, ಭುಜಕ್ಕೆ ಭುಜ ತಾಗುವಂತೆ ಕೂತರು.

"ಶರಣ್ಯಾ," ಅಂದರು ನನ್ನ ಕಿವಿಯ ಹತ್ತಿರ.

ದಡದ ತುಂಬ ದೀಪ ಹೊತ್ತಿಕೊಂಡಿದ್ದವು. ಅಜ್ಜಿಯ ಲೆಕ್ಕದಲ್ಲಿ ನಾನಿನ್ನೂ ಎರಡು ಸಲ ಕಾಯಬೇಕಿತ್ತು. ಮೊದಲನೇ ಸಲಕ್ಕೇ ಓ ಅಂದೆ.