ಒಂದು ಜಡೆ ಬಾಕಿ

“ಬಿಡಬೇಡ, ಬಿಡಬೇಡ! ಬೆರಳು ಸಡಿಲ ಮಾಡಿದ್ರೆ ಎಲ್ಲಾ ಬಿಚ್ಕೊಳ್ಳುತ್ತೆ,” ಎಂದಳು ಅಮ್ಮ ಫೋನಿನೊಳಗಿನಿಂದ.

ಗುಂಗುರಿ ಬಿಡಲಿಲ್ಲ. ಎರಡೂ ಮೊಣಕೈ ಎತ್ತಿಕೊಂಡು, ನಾಲಿಗೆಯ ತುದಿ ಕಚ್ಚಿಕೊಂಡು ಕೂತಿದ್ದಳು. ಅವಳ ಎದುರಿಗೆ ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಅಜ್ಜಿಯ ಫೋನು. ಅದರೊಳಗೆ ಅಮ್ಮ.

ಅಮ್ಮ ದೂರದ ಊರಿನ ದೊಡ್ಡ ಹೋಟೆಲೊಂದರಲ್ಲಿ ಬಟ್ಟೆ ಇಸ್ತ್ರಿ ಮಾಡುವ ಕೆಲಸಕ್ಕೆ ಸೇರಿದ್ದಳು. ಅವಳ ಬೆನ್ನ ಹಿಂದೆ ಮಡಚಿಟ್ಟ ಬಿಳಿ ಹಾಸಿಗೆ ಬಟ್ಟೆಗಳು ಸೂರಿನವರೆಗೂ ಏರಿ ನಿಂತಿದ್ದವು. ಅಲ್ಲಿ ಕೆಲಸ ಮಾಡುವಾಗ ತಲೆಗೆ ಟೋಪಿ ಹಾಕಲೇಬೇಕು. ಸಂಜೆ ಟೀ ಕುಡಿಯಲು ಬಿಟ್ಟಾಗ ಮಾತ್ರ ಅಮ್ಮ ಟೋಪಿ ತೆಗೆದು, ಕೂದಲು ಬಿಚ್ಚಿ, ಆ ಬಟ್ಟೆ ರಾಶಿಯ ಮರೆಯಲ್ಲಿ ಕೂತು ಗುಂಗುರಿಗೆ ಜಡೆ ಹೇಳಿಕೊಡುತ್ತಿದ್ದಳು. ಅಮ್ಮ ತನ್ನ ಕೂದಲು ಹೆಣೆಯುವುದು, ಗುಂಗುರಿ ನೋಡಿಕೊಂಡು ತನ್ನದನ್ನು ಹೆಣೆಯುವುದು. ಟೀ ಪಕ್ಕದಲ್ಲಿ ಆರುತ್ತಿತ್ತು.

ಅಮ್ಮ ಹೋದಾಗಿನಿಂದ ಗುಂಗುರಿ ಶಾಲೆಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡೇ ಹೋಗುತ್ತಿದ್ದಳು. ಅವಳ ಕೂದಲು ಅಷ್ಟಕ್ಕೆಲ್ಲ ಬಗ್ಗುವ ಜಾತಿಯದಲ್ಲ. ಆ ಗುಂಗುರು ಕೂದಲಿಂದಲೇ ಅವಳಿಗೆ ಆ ಹೆಸರು. ಆದರೆ ನಾಳೆ ಬೆಳಿಗ್ಗೆ ತರಗತಿಯ ಫೋಟೋ ಇತ್ತು. ಉದ್ದ ಕೂದಲಿನವರೆಲ್ಲ ಎರಡು ಜಡೆ ಹಾಕಿಕೊಂಡೇ ಬರಬೇಕು ಎಂದು ಟೀಚರ್ ಹೇಳಿದ್ದರು. ಅಜ್ಜಿ ಜಾರಿ ಬಿದ್ದು ಮುಂಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಅಪ್ಪನಿಗೆ ವ್ಯಾನಿನ ಮೇಲೆ ಸಾಮಾನು ಕಟ್ಟುವ ಗಂಟು ಬಿಟ್ಟರೆ ಬೇರೆ ಗಂಟು ಬಾರದು. ಬೆಳಿಗ್ಗೆ ಅಮ್ಮ ಸಿಗುವುದಿಲ್ಲ, ಅದಕ್ಕೇ ಇವತ್ತೇ ಹೆಣೆದುಕೊಂಡು ಮಲಗಬೇಕು.

ಎಡಗಡೆಯ ಜಡೆ ಮುಗಿಯಿತು. ಗುಂಗುರಿ ರಿಬ್ಬನ್ ಬಿಗಿದು ಅದನ್ನು ಫೋನಿಗೆ ತೋರಿಸಿದಳು.

“ಭೇಷ್! ಈಗ ಇನ್ನೊಂದು,” ಎಂದಳು ಅಮ್ಮ. “ಮೊದಲು ಸಿಕ್ಕು ಬಿಡಿಸ್ಕೋ. ಆಮೇಲೆ ಮೂರು ಭಾಗ ಮಾಡಿ, ನಡುವಿಂದನ್ನ...”

ನಡುವಿಂದನ್ನ ಏನು ಮಾಡಬೇಕೋ ಗೊತ್ತಾಗಲಿಲ್ಲ. ಅಮ್ಮನ ಮುಖ ಮಾಯವಾಗಿ ಪರದೆ ಕಪ್ಪಾಯಿತು.

“ಅಜ್ಜೀ! ಡೇಟಾ ಖಾಲಿ!”

ಕಿಟಕಿಯ ಹತ್ತಿರ ಕೂತಿದ್ದ ಅಜ್ಜಿ ತಲೆ ಎತ್ತಿದಳು. “ನಾನೇನೂ ನೋಡಿಲ್ಲಪ್ಪ.”

“ಮಧ್ಯಾಹ್ನ ಬೆಕ್ಕಿನ ವಿಡಿಯೋ ನೋಡ್ತಿದ್ಯಲ್ಲ.”

“ಅದು ಸಣ್ಣ ಬೆಕ್ಕು ಕಣೇ.”

ಬೇರೆ ದಿನವಾಗಿದ್ದರೆ ಗುಂಗುರಿ ಬಿದ್ದು ಬಿದ್ದು ನಗುತ್ತಿದ್ದಳು. ಈಗ ಗಡಿಯಾರ ನೋಡಿದಳು. ರೀಚಾರ್ಜ್ ಮಾಡಿಸುವವನು ಅಪ್ಪ. ಅಪ್ಪ ವ್ಯಾನು ನಿಲ್ಲಿಸಿ ಮನೆಗೆ ಬರುವಷ್ಟರಲ್ಲಿ ಅಮ್ಮನ ಟೀ ಸಮಯ ಮುಗಿದುಹೋಗಿ, ಟೋಪಿ ಮತ್ತೆ ತಲೆಗೇರಿರುತ್ತದೆ.

ಅಷ್ಟರಲ್ಲಿ ಒಂದು ಮೆಸೇಜ್ ಬಂತು. ಗುಂಗುರಿ ಜೋರಾಗಿ ಓದಿದಳು: “ನಿಮ್ಮ ಡೇಟಾ ಮುಗಿದಿದೆ. ಡೇಟಾ ಸಾಲ ಬೇಕಿದ್ದರೆ ಒಂದನ್ನು ಒತ್ತಿ.”

“ಸಾಲಾನಾ?” ಅಜ್ಜಿ ಗಾಬರಿಯಾದಳು. “ಯಾರು ಕೊಡ್ತಾರಂತೆ?”

“ಫೋನ್ ಕಂಪನಿಯವರು.”

“ಅವರು ನಮ್ಮನ್ನ ನೋಡೇ ಇಲ್ಲ. ಗುರುತು ಪರಿಚಯ ಇಲ್ಲದೋರಿಗೆ ಯಾರಾದ್ರೂ ಸಾಲ ಕೊಡ್ತಾರೇನೇ? ನಾಳೆ ಮನೆ ಬಾಗಿಲಿಗೆ ಬಂದು ನಿಂತ್ರೆ?”

“ಯಾರೂ ಬರಲ್ಲ ಅಜ್ಜಿ. ಅಪ್ಪ ರೀಚಾರ್ಜ್ ಮಾಡಿಸಿದಾಗ ಅವರೇ ಕಟ್ ಮಾಡ್ಕೊಳ್ತಾರೆ. ನನ್ನ ಬೆಂಚ್‌ಮೇಟ್ ಮನೇಲಿ ಯಾವಾಗ್ಲೂ ತಗೋತಾರೆ. ಪ್ಲೀಸ್! ಅಮ್ಮ ಕಾಯ್ತಿರ್ತಾಳೆ.”

ಅಜ್ಜಿ ಅರ್ಧ ಜಡೆ, ಅರ್ಧ ಪೊದೆಯಾಗಿದ್ದ ಮೊಮ್ಮಗಳ ತಲೆಯನ್ನು ನೋಡಿದಳು. “ಒತ್ತು. ಅಪ್ಪಂಗೆ ನಾನು ಹೇಳ್ತೀನಿ.”

ಗುಂಗುರಿ ಒತ್ತಿದಳು. ಸಾಲ ಸಿಕ್ಕಿತು ಎಂದು ಇನ್ನೊಂದು ಮೆಸೇಜ್ ಬಂತು. ಮೂಲೆಯಲ್ಲಿ ಡೇಟಾ ಗುರುತು ಮತ್ತೆ ಮೂಡಿತು.

ಟಿಂಗ್!

ಟಿಂಗ್! ಟಿಂಗ್! ಟಿಂಗ್ ಟಿಂಗ್ ಟಿಂಗ್!

“ಇದೇನೇ ಇದು?”

“ನಿನ್ನ ಗ್ರೂಪ್‌ಗಳು ಅಜ್ಜಿ!”

ಅಜ್ಜಿ ಇದ್ದ ಗ್ರೂಪ್‌ಗಳು ಒಂದೆರಡಲ್ಲ. ಹಳೆಯ ನೆರೆಹೊರೆಯವರದ್ದೊಂದು, ದೊಡ್ಡಪ್ಪನ ಕಡೆಯವರದ್ದೊಂದು, ಮಂಡಿನೋವಿನವರದ್ದೇ ಇನ್ನೊಂದು. ಎಲ್ಲರೂ ಈ ಹೊತ್ತಿಗೆ ತಪ್ಪದೆ ಕಳಿಸುವ ಶುಭಸಂಜೆಯ ಗುಲಾಬಿಗಳು, ನಗುವ ಮಕ್ಕಳು, ಕುಣಿಯುವ ಮುದುಕರು ಬಾಗಿಲು ತೆಗೆಯುವುದನ್ನೇ ಕಾಯುತ್ತಿದ್ದವರಂತೆ ಒಮ್ಮೆಗೇ ನುಗ್ಗಿದರು. ಅಜ್ಜಿಯ ಫೋನಿನಲ್ಲಿ ಬಂದ ವಿಡಿಯೋಗಳೆಲ್ಲ ತಾವಾಗಿಯೇ ಇಳಿದುಕೊಳ್ಳುತ್ತಿದ್ದವು. ಅದನ್ನು ನಿಲ್ಲಿಸಬಹುದು ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗುಂಗುರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದಳು. ಒಮ್ಮೆ ರಿಂಗ್ ಆಯಿತು. ಅಮ್ಮ ಎತ್ತಿದಳು.

ಅಮ್ಮನ ಮುಖ ಬಂತು. ಬಂದು ಹಾಗೆಯೇ ನಿಂತುಬಿಟ್ಟಿತು. ಒಂದು ಕಣ್ಣು ಅರ್ಧ ಮುಚ್ಚಿತ್ತು, ಬಾಯಿ ಏನೋ ಹೇಳಲು ತೆರೆದಿತ್ತು. ಕೆನ್ನೆಯೆಲ್ಲ ಚೌಕ ಚೌಕ.

“ಅಮ್ಮಾ? ಅಮ್ಮಾ, ಕೇಳಿಸ್ತಿದೆಯಾ?”

ಗುಂಗುರಿ ಆ ನಿಂತ ಮುಖವನ್ನೇ ನೋಡಿದಳು. ಮುಟ್ಟಿದರೆ ಅಲುಗೀತೇನೋ ಎಂದು ಬೆರಳಿನಿಂದ ಕೆನ್ನೆಯನ್ನು ಮೆಲ್ಲಗೆ ಸವರಿದಳು. ಅಷ್ಟರಲ್ಲಿ ಅದೂ ಹೋಯಿತು.

ಅವಳು ಮತ್ತೆ ಸಾಲ ಕೇಳಿದಳು. ಉತ್ತರ ತಕ್ಷಣವೇ ಬಂತು: “ಹಿಂದಿನ ಸಾಲ ತೀರಿದ ನಂತರವೇ ಹೊಸ ಸಾಲ ಪಡೆಯಬಹುದು.”

“ಎಲ್ಲಾ ಆ ಗುಲಾಬಿಗಳೇ ತಿಂದುಹಾಕಿದ್ವು,” ಎಂದಳು ಅಜ್ಜಿ. ಅವಳ ಧ್ವನಿ ಸಣ್ಣಗಾಗಿತ್ತು. “ಒಂದಕ್ಕೂ ವಾಸನೆ ಬೇರೆ ಇಲ್ಲ, ದರಿದ್ರದ್ದು!”

ಗುಂಗುರಿ ನಗಲಿಲ್ಲ. ಮೇಜಿನ ಮೇಲೆ ತಲೆಯಿಟ್ಟಳು. ಎಡಗಡೆಯ ಜಡೆ ಅಚ್ಚುಕಟ್ಟಾಗಿ ಭುಜದ ಮೇಲೆ ಕೂತಿತ್ತು. ಬಲಗಡೆಯ ಕೂದಲು ಮುಖದ ತುಂಬ ಹರಡಿ ಕಣ್ಣೀರಿಗೆ ಅಂಟಿಕೊಂಡಿತು. ನಾಳೆ ಫೋಟೋದಲ್ಲಿ ಹೇಗೆ ಕಂಡರೂ ಪರವಾಗಿಲ್ಲ ಎನಿಸಿತು ಅವಳಿಗೆ. ಅಮ್ಮ ಇನ್ನೂ ಸ್ವಲ್ಪ ಹೊತ್ತು ಇದ್ದಿದ್ದರೆ ಸಾಕಿತ್ತು.

ಆಗ ಫೋನು ಬಡಿದುಕೊಂಡಿತು. ವಿಡಿಯೋ ಅಲ್ಲ, ಬರೀ ಕಾಲ್.

“ಗುಂಗುರೀ? ಏನಾಯ್ತು ಮರಿ?”

“ಡೇಟಾ ಮುಗೀತು. ಸಾಲ ತಗೊಂಡೆ, ಅದೂ ಮುಗೀತು.” ಮೂಗು ಸುರ್ರೆಂದಿತು. “ಒಂದು ಜಡೆ ಬಾಕಿ ಇದೆ.”

“ಅಷ್ಟೇ ತಾನೆ? ಹೀಗೇ ಹಾಕೋಣ.”

“ನೋಡದೆ ಹೇಗೆ ಹಾಕ್ಲಿ? ನೀನು ಕಾಣ್ತಾನೇ ಇಲ್ಲ.”

“ಜಡೆ ಹಾಕೋದು ಕಣ್ಣಲ್ಲೇನೇ? ಫೋನ್ ಸ್ಪೀಕರ್‌ಗೆ ಹಾಕು. ಕಣ್ಣು ಮುಚ್ಕೋ. ನಾನೂ ಮುಚ್ಕೋತೀನಿ.”

ಗುಂಗುರಿ ಕಣ್ಣು ಮುಚ್ಚಿದಳು. ಫೋನಿನಿಂದ ಬಾಚಣಿಗೆ ಕೂದಲಲ್ಲಿ ಇಳಿಯುವ ಸರಸರ ಸದ್ದು ಕೇಳಿಸಿತು. ದೂರದಲ್ಲಿ ಯಾವುದೋ ಯಂತ್ರ ಗುಂಯ್ ಎನ್ನುತ್ತಿತ್ತು. ಅಮ್ಮನ ಉಸಿರೂ ಕೇಳಿಸಿತು. ಇಷ್ಟು ದಿನ ಇದ್ಯಾವುದನ್ನೂ ಅವಳು ಗಮನಿಸಿರಲಿಲ್ಲ. ವಿಡಿಯೋದಲ್ಲಿ ಅವಳು ಹೆಚ್ಚಾಗಿ ನೋಡುತ್ತಿದ್ದದ್ದು ಮೂಲೆಯ ಸಣ್ಣ ಚೌಕದಲ್ಲಿ ಕಾಣುವ ತನ್ನ ಜಡೆಯನ್ನೇ.

“ಮೂರು ಭಾಗ ಮಾಡ್ಕೊಂಡ್ಯಾ? ಬಲಗಡೇದನ್ನ ನಡುವಿಂದರ ಮೇಲೆ ಹಾಕು. ಈಗ ಎಡಗಡೇದು. ಎಳೀಬೇಡ, ಸುಮ್ನೆ ಕೂರಿಸು.”

“ಹೂಂ.”

“ಬಲಗಡೇದು... ಎಡಗಡೇದು...”

ಅಮ್ಮ ನಿಧಾನವಾಗಿ ಹೇಳುತ್ತಿದ್ದಳು. ಗುಂಗುರಿಯ ಬೆರಳುಗಳಿಗೆ ಅಷ್ಟು ನಿಧಾನ ಬೇಕಿರಲಿಲ್ಲ. ಅಮ್ಮ ಬಲ ಎನ್ನುವಾಗ ಅವು ಎಡಕ್ಕೆ ಹೋಗಿ ಮತ್ತೆ ಬಲಕ್ಕೆ ಬಂದಿರುತ್ತಿದ್ದವು. ಕಾಣದಿದ್ದರೂ ಕೂದಲು ಎಲ್ಲಿದೆ ಎಂದು ಅವಕ್ಕೆ ತಿಳಿಯುತ್ತಿತ್ತು. ತುದಿಗೆ ಬಂದಾಗ ಅವಳು ಕಣ್ಣು ತೆರೆದು ರಿಬ್ಬನ್ ಕಟ್ಟಿದಳು. ಎರಡೂ ಜಡೆಗಳನ್ನು ಮುಂದೆ ಎಳೆದು ಅಕ್ಕಪಕ್ಕ ಹಿಡಿದು ನೋಡಿದಳು. ಒಂದೇ ಸಮ ಇದ್ದವು!

“ಅಮ್ಮಾ, ಮುಗೀತು!”

“ಮುಗೀತಾ?” ಅಮ್ಮ ನಕ್ಕಳು. “ನಾನಿನ್ನೂ ಅರ್ಧದಲ್ಲಿದೀನಲ್ಲೇ!”

ಅಮ್ಮ ಬಾಚಣಿಗೆ ಪಕ್ಕಕ್ಕಿಟ್ಟ ಸದ್ದು ಕೇಳಿಸಿತು.

“ಹಾಗಾದ್ರೆ ಕಲಿತೇಬಿಟ್ಟೆ,” ಎಂದಳು ಅಮ್ಮ. “ಇನ್ನು ನಾನು ಹೇಳಿಕೊಡೋದೇನೂ ಇಲ್ಲ ಬಿಡು.”

ಆ ಮಾತೂ ನಗುತ್ತಲೇ ಶುರುವಾಗಿತ್ತು. ಕೊನೆಗೆ ಬರುವಷ್ಟರಲ್ಲಿ ನಗು ಎಲ್ಲೋ ಉಳಿದುಹೋಗಿತ್ತು. ವಿಡಿಯೋದಲ್ಲಿ ಅಮ್ಮನ ಮುಖ ಯಾವಾಗಲೂ ನಗುತ್ತಿರುತ್ತಿತ್ತು. ಈ ಧ್ವನಿಯನ್ನು ಗುಂಗುರಿ ಮೊದಲ ಸಲ ಕೇಳುತ್ತಿದ್ದಳು. ಅಷ್ಟು ದೂರದಲ್ಲಿ, ಬಿಳಿ ಬಟ್ಟೆಗಳ ಮರೆಯಲ್ಲಿ, ಅರ್ಧ ಹೆಣೆದ ಕೂದಲನ್ನು ಕೈಯಲ್ಲಿ ಹಿಡಿದು ಅಮ್ಮ ಕೂತಿರುವುದು ಫೋನಿಲ್ಲದೆಯೇ ಅವಳಿಗೆ ಕಾಣಿಸಿತು.

“ಅಮ್ಮಾ, ಟೀ ಟೈಮ್ ಮುಗೀತಾ?”

“ಇನ್ನೂ ಒಂಚೂರು ಇದೆ. ಯಾಕೆ?”

ಅಜ್ಜಿ ಹತ್ತಿರ ಬಂದು ಜಡೆಗಳನ್ನು ನೋಡಿದಳು. ಎಷ್ಟು ಚೆನ್ನಾಗಿದೆ ಎನ್ನಲು ಬಾಯಿ ತೆರೆದಳು. ಗುಂಗುರಿ ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದಳು. ಆಮೇಲೆ ಬಲಗಡೆಯ ರಿಬ್ಬನ್ನಿನ ತುದಿ ಹಿಡಿದು ಸದ್ದಾಗದಂತೆ ಎಳೆದಳು. ಜಡೆ ತುದಿಯಿಂದ ಮೇಲಕ್ಕೆ ಬಿಚ್ಚುತ್ತ ಹೋಯಿತು.

“ಒಂಚೂರು ಸೊಟ್ಟ ಆಗಿದೆ ಅಮ್ಮ. ಬಿಚ್ಚಿದೀನಿ. ನೀನೂ ಬಿಚ್ಕೋ, ಮೊದಲಿಂದ ಹೇಳು.”

“ನೋಡಿದ್ಯಾ, ಅವಸರ ಮಾಡಿದ್ರೆ ಹಾಗೇನೇ!” ಅಮ್ಮನ ಧ್ವನಿ ಒಮ್ಮೆಗೇ ಹತ್ತಿರ ಬಂತು. “ಮೂರು ಭಾಗ ಮಾಡ್ಕೋ. ಬಲಗಡೇದನ್ನ ಹಿಡಿ. ಹಿಡಿದ್ಯಾ?”

“ಹಿಡಿದೆ.”

“ನಡುವಿಂದರ ಮೇಲೆ ಹಾಕು.”

ಗುಂಗುರಿ ಕಣ್ಣು ಮುಚ್ಚಿ ಹಾಕಿದಳು. ಬೆರಳುಗಳು ಮುಂದೆ ಓಡಲು ನೋಡಿದವು. ಅವಳು ಅವನ್ನು ತಡೆದು ಹಿಡಿದು, ಅಮ್ಮ ಎಡ ಎನ್ನುವುದನ್ನು ಕಾದಳು.